ಮೂವತ್ತು ರೂಪಾಯಿ ಯಾಕೆ?

"ನಾನು ಯುಪಿಐನಲ್ಲಿ ಹಾಕ್ತೀನಿ ಕಣೋ. ಅದಕ್ಕೆ ನಿಂಗೂ ಖರ್ಚಿಲ್ಲ, ನಂಗೂ ಖರ್ಚಿಲ್ಲ. ಮತ್ತೆ ಈ ಮೂವತ್ತು ರೂಪಾಯಿ ಯಾಕೆ?"

2024ರ ದೀಪಾವಳಿಗೆ ಎರಡು ವಾರ ಮುಂಚೆ ಫೋನಿನಲ್ಲಿ ಈ ಪ್ರಶ್ನೆ ಕೇಳಿದ್ದು ನಮ್ಮೂರಿನವನೇ ಒಬ್ಬ ಅಣ್ಣ. ಪೀಣ್ಯ ಎರಡನೇ ಹಂತದಲ್ಲಿ ಲೇತ್ ಆಪರೇಟರ್. ನನ್ನ ಹತ್ತಿರ ಉತ್ತರ ಇರಲಿಲ್ಲ. "ಸರ್ವರ್ ಖರ್ಚು ಅಣ್ಣ, ಎಸ್ಸೆಮ್ಮೆಸ್ಸು ಎಲ್ಲಾ ಇರತ್ತಲ್ಲ" ಅಂತ ಏನೋ ತೊದಲಿದೆ. ಅವನು "ಸರಿ ಬಿಡು" ಅಂತ ಹಾಕಿಬಿಟ್ಟ. ಆ "ಸರಿ ಬಿಡು" ಇದೆಯಲ್ಲ, ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಮೊದಲು ಕಥೆ ಹೇಳಿಬಿಡ್ತೀನಿ. ನಾನು ವೈಟ್‌ಫೀಲ್ಡಿನಲ್ಲಿ ಕೋಡು ಬರೆದು ಹೊಟ್ಟೆ ಹೊರೆಯುವವನು. ಊರು ಸಾಗರದ ಹತ್ತಿರ. 2022ರಲ್ಲಿ ಹಬ್ಬಕ್ಕೆ ಟಿಕೆಟ್ ಸಿಗದೆ ಒದ್ದಾಡಿದ ನಾವು ನಾಲ್ಕು ಜನ ಸೇರಿ ಒಂದು ಬಸ್ಸನ್ನೇ ಬಾಡಿಗೆಗೆ ಹಿಡಿದೆವು. ಹೋಪ್ ಫಾರ್ಮ್‌ನಿಂದ ಹೊರಟು, ಟಿನ್ ಫ್ಯಾಕ್ಟರಿ, ಹೆಬ್ಬಾಳ, ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್ ಮೇಲೆ ತುಮಕೂರು ರಸ್ತೆ ಹಿಡಿಯುವುದು. 45 ಸೀಟು, ತಲೆಗೆ 900 ರೂ. ಹೆಸರು ಬರೆಸಿಕೊಳ್ಳೋಕೆ ನಾನೊಂದು ಚಿಕ್ಕ ಸೈಟ್ ಮಾಡಿದೆ. ಸದಸ್ಯರಾಗಿ, ಸೀಟು ಆರಿಸಿ, ಬಸ್ಸು ಹತ್ತುವಾಗ ದುಡ್ಡು ಕೊಡಿ. ಎಲ್ಲಾ ಫ್ರೀ. ಎರಡನೇ ವರ್ಷ ಏನಾಯ್ತು ಅಂದ್ರೆ, ಒಂಬತ್ತು ಜನ ಸೀಟು ಹಿಡಿದು ಬರಲೇ ಇಲ್ಲ. ಫೋನೂ ಎತ್ತಲಿಲ್ಲ. ಬಸ್ಸಿನವನಿಗೆ ಪೂರ್ತಿ ಬಾಡಿಗೆ ಕೊಡಬೇಕಲ್ಲ, 8,100 ರೂ. ನನ್ನ ಜೇಬಿನಿಂದ ಹೋಯ್ತು. ಅದಕ್ಕೇ ಮೂರನೇ ವರ್ಷ 'ಬುಕಿಂಗ್ ಫೀ 30 ರೂ.' ಅಂತ ಒಂದು ಸಾಲು ಸೇರಿಸಿದೆ. ಕೋಡಿನಲ್ಲಿ ಹತ್ತು ನಿಮಿಷದ ಕೆಲಸ. ಅದನ್ನು ಸಮರ್ಥಿಸಿಕೊಳ್ಳೋಕೆ ಮಾತ್ರ ವರ್ಷವೇ ಬೇಕಾಯ್ತು!

ಅಣ್ಣನ ಪ್ರಶ್ನೆ ತಲೆಯಲ್ಲಿ ಕೊರೀತಾ ಇದ್ದದ್ದರಿಂದ ಈ ಬುಕಿಂಗ್ ಫೀ ಅನ್ನೋದು ಎಲ್ಲಿಂದ ಬಂತು, ಫ್ರೀ ಇದ್ದದ್ದಕ್ಕೆ ಯಾಕೆ ಇದ್ದಕ್ಕಿದ್ದ ಹಾಗೆ ಬೆಲೆ ಅಂಟುತ್ತೆ ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ತಾ ಇದೀನಿ.

ರೈಲಿನಿಂದ ಶುರು ಮಾಡೋಣ. ನಮ್ಮಪ್ಪ ಶಿವಮೊಗ್ಗ ಸ್ಟೇಷನ್ನಿನ ಕೌಂಟರಿನಲ್ಲಿ ಫಾರಂ ತುಂಬಿ ಕ್ಯೂನಲ್ಲಿ ನಿಂತವರು. ಅದಕ್ಕೂ ಮುಂಚೆ ದಪ್ಪ ದಪ್ಪ ಲೆಡ್ಜರುಗಳಲ್ಲಿ ಹೆಸರು ಬರೆದು ಸೀಟು ಕೊಡುತ್ತಿದ್ದ ಕಾಲ ಒಂದಿತ್ತು. 1980ರ ದಶಕದ ಮಧ್ಯದಲ್ಲಿ ದೆಹಲಿಯಿಂದ ಶುರುವಾಗಿ ಕಂಪ್ಯೂಟರ್ ರಿಸರ್ವೇಶನ್ ಬಂತು. ರೈಲ್ವೆಯ ಕಂಪ್ಯೂಟರ್ ಕೆಲಸಗಳಿಗೆಂದು 'ಕ್ರಿಸ್' ಸಂಸ್ಥೆ 1986ರಲ್ಲಿ ಹುಟ್ಟಿತು. ಕೌಂಟರಿನಲ್ಲಿ ಕೊಂಡರೂ ರಿಸರ್ವೇಶನ್ ಶುಲ್ಕ ಅಂತ ಒಂದು ಇದ್ದೇ ಇದೆ. ಸ್ಲೀಪರ್‌ಗೆ 20 ರೂ., ಎಸಿ ಮೂರನೇ ದರ್ಜೆಗೆ 40 ರೂ. ಅದು ಪ್ರಯಾಣ ದರದ ಒಳಗೇ ಕೂತಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ, ನಾವು ಅದಕ್ಕೆ ಬೈಯುವುದೂ ಇಲ್ಲ.

1999ರ ಸೆಪ್ಟೆಂಬರಿನಲ್ಲಿ ಐಆರ್‌ಸಿಟಿಸಿ ಅನ್ನೋ ಪ್ರತ್ಯೇಕ ಕಂಪನಿ ಹುಟ್ಟಿತು. 2002ರ ಆಗಸ್ಟಿನಲ್ಲಿ ಅದರ ಸೈಟಿನಲ್ಲಿ ಟಿಕೆಟ್ ಮಾರಾಟ ಶುರುವಾಯ್ತು. ಆಗ ನಾನು ಒಂದನೇ ಕ್ಲಾಸು :-) ಶುರುವಿನ ದಿನಗಳಲ್ಲಿ ಅದು ಐ-ಟಿಕೆಟ್. ಅಂದ್ರೆ ನೀವು ಕಂಪ್ಯೂಟರಿನಲ್ಲಿ ಬುಕ್ ಮಾಡಿದರೆ ಕಾಗದದ ಟಿಕೆಟ್ಟು ಕೊರಿಯರಿನಲ್ಲಿ ಮನೆಗೆ ಬರುತ್ತಿತ್ತು. ಹೀಗೆ ಬರುವಾಗ ಮೇಲೊಂದಿಷ್ಟು ದುಡ್ಡು ಕೇಳಿದರೆ ಯಾರೂ ಬೇಡ ಅನ್ನುವ ಹಾಗಿರಲಿಲ್ಲ, ಕೊರಿಯರ್ ಹುಡುಗ ಬಾಗಿಲಲ್ಲಿ ನಿಂತಿರುತ್ತಿದ್ದ. 2005ರಲ್ಲಿ ಇ-ಟಿಕೆಟ್ ಬಂತು, ನೀವೇ ಪ್ರಿಂಟ್ ತೆಗೆದುಕೊಳ್ಳಿ ಅಂತ. ಕೊರಿಯರ್ ಹೋಯ್ತು, ಶುಲ್ಕ ಮಾತ್ರ ಉಳೀತು. ಆಮೇಲೆ ಪ್ರಿಂಟೂ ಬೇಡ, ಮೊಬೈಲಿನಲ್ಲಿ ತೋರಿಸಿದರೆ ಸಾಕು ಅಂತಾಯ್ತು. ಪೇಪರೂ ನಮ್ಮದಲ್ಲ ಅವರದೂ ಅಲ್ಲ, ಆಗಲೂ ಶುಲ್ಕ ಇತ್ತು. 2016ರ ಹೊತ್ತಿಗೆ ಸ್ಲೀಪರ್‌ಗೆ 20, ಎಸಿಗೆ 40 ರೂ.

ಆಮೇಲೆ ನೋಟು ರದ್ದತಿ. 2016ರ ನವೆಂಬರ್ 8ಕ್ಕೆ ನೋಟು ಹೋಯ್ತು, ನವೆಂಬರ್ 23ರಿಂದ ಐಆರ್‌ಸಿಟಿಸಿಯ ಸೇವಾ ಶುಲ್ಕವೂ ಹೋಯ್ತು. ಜನ ಆನ್‌ಲೈನಿಗೆ ಬರಲಿ ಅಂತ. ಮೊದಲು ವರ್ಷದ ಕೊನೆಯವರೆಗೆ ಅಂದದ್ದು ಮುಂದೆ ಮುಂದೆ ಹೋಗುತ್ತಾ ಸುಮಾರು ಮೂರು ವರ್ಷ ನಡೀತು. 2019ರ ಸೆಪ್ಟೆಂಬರ್ 1ಕ್ಕೆ ಶುಲ್ಕ ವಾಪಸ್ ಬಂತು: ಎಸಿ ಅಲ್ಲದ ಟಿಕೆಟ್ಟಿಗೆ 15, ಎಸಿಗೆ 30 ರೂ., ಮೇಲೆ ಜಿಎಸ್‌ಟಿ. ಯುಪಿಐನಲ್ಲಿ ಕೊಟ್ಟರೆ 10 ಮತ್ತು 20. ಇದು ತಲೆಗಲ್ಲ, ಒಂದು ಟಿಕೆಟ್ಟಿಗೆ. ಆದರೆ ಟಿಕೆಟ್ ರದ್ದು ಮಾಡಿದರೆ ಈ ದುಡ್ಡು ವಾಪಸ್ ಬರುವುದಿಲ್ಲ.

ಇಲ್ಲೊಂದು ತಾರೀಖು ಗಮನಿಸಿ. ಶುಲ್ಕ ವಾಪಸ್ ಬಂದದ್ದು ಸೆಪ್ಟೆಂಬರ್ 1. ಐಆರ್‌ಸಿಟಿಸಿಯ ಷೇರು ಮಾರುಕಟ್ಟೆಗೆ ಬಂದದ್ದು ಅದೇ ವರ್ಷ ಅಕ್ಟೋಬರ್ 14. 320 ರೂ.ಗೆ ಕೊಟ್ಟ ಷೇರು ಮೊದಲ ದಿನವೇ ದುಪ್ಪಟ್ಟಾಗಿ ತೆರೆಯಿತು. ಎರಡೂ ಒಂದಕ್ಕೊಂದು ಕಾರಣ ಅಂತ ನಾನು ಹೇಳ್ತಾ ಇಲ್ಲ. ಆದರೆ ಕಂಪನಿಯನ್ನು ಕೊಳ್ಳಲು ಬರುವವರು ಮೊದಲು ಕೇಳುವುದೇ ಆದಾಯ ಎಲ್ಲಿಂದ ಅಂತ, ಅಲ್ವಾ? ಆ ಶುಲ್ಕ ಎಷ್ಟು ಮುಖ್ಯ ಅನ್ನೋದು 2021ರ ಅಕ್ಟೋಬರಿನಲ್ಲಿ ಗೊತ್ತಾಯ್ತು. 28ನೇ ತಾರೀಖು ರೈಲ್ವೆ ಸಚಿವಾಲಯ, ಈ ಕನ್ವೀನಿಯನ್ಸ್ ಶುಲ್ಕದ ಅರ್ಧ ಭಾಗ ನಮಗೆ ಕೊಡಿ ಅಂತು. ಮಾರನೇ ದಿನ ಬೆಳಿಗ್ಗೆ ಷೇರು ಧೊಪ್ಪನೆ ಬಿತ್ತು. ಅದೇ ದಿನವೇ ಸಚಿವಾಲಯ ಆದೇಶ ವಾಪಸ್ ತಗೊಂಡಿತು. ನಾವು ಟಿಕೆಟ್ಟಿನ ಕೊನೆಯಲ್ಲಿ ನೋಡಿ ಮುಖ ಸಿಂಡರಿಸುವ ಹದಿನೈದು ರೂಪಾಯಿಗೆ ಅಷ್ಟು ತಾಕತ್ತು.

ಈಗ ಇದಕ್ಕೆ ಪೂರ್ತಿ ತದ್ವಿರುದ್ಧವಾದ ಉದಾಹರಣೆ ನಮ್ಮ ಮೆಟ್ರೋ. ನೇರಳೆ ಮಾರ್ಗ 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿಗೆ ಬಂತು, ಅಕ್ಟೋಬರಿನಲ್ಲಿ ಮಧ್ಯದ ತುಂಡೂ ಸೇರಿಕೊಂಡಿತು. ಅದಕ್ಕೆ ಸ್ವಲ್ಪ ಮುಂಚೆ, 2022ರ ನವೆಂಬರಿನಲ್ಲಿ ಮೆಟ್ರೋದವರು ವಾಟ್ಸಾಪಿನಲ್ಲಿ ಕ್ಯುಆರ್ ಟಿಕೆಟ್ ಶುರು ಮಾಡಿದಾಗ ಏನು ಮಾಡಿದರು ಹೇಳಿ? ಹೆಚ್ಚಿಗೆ ಕೇಳಲಿಲ್ಲ, 5% ಕಡಿಮೆ ಮಾಡಿದರು! ಅದೇ ಫೋನು, ಅದೇ ಇಂಟರ್ನೆಟ್ಟು. ಒಂದು ಕಡೆ ಆನ್‌ಲೈನಿಗೆ ಬಂದರೆ ದಂಡ, ಇನ್ನೊಂದು ಕಡೆ ಬಹುಮಾನ. ಯಾಕೆ ಹೀಗೆ?

ಇದನ್ನು ಯೋಚಿಸುತ್ತಾ ಹೋದಾಗ ನನಗೆ ಹೊಳೆದದ್ದು ಇಷ್ಟು. ಮೆಟ್ರೋದಲ್ಲಿ ರೈಲು ಓಡಿಸುವವರೂ ಅವರೇ, ಚೀಟಿ ಮಾರುವವರೂ ಅವರೇ. ಕೌಂಟರಿನಲ್ಲಿ ಒಬ್ಬ ಕಮ್ಮಿಯಾದರೆ ಉಳಿತಾಯ ಅವರದ್ದೇ, ಅದರಲ್ಲಿ ಸ್ವಲ್ಪ ನಮಗೆ ಕೊಟ್ಟರೂ ಲಾಭ. ರೈಲ್ವೆಯಲ್ಲಿ ರೈಲು ಓಡಿಸುವವರು ಒಬ್ಬರು, ಸೈಟ್ ನಡೆಸುವವರು ಇನ್ನೊಬ್ಬರು. ಕೌಂಟರಿನ ಕ್ಯೂ ಕರಗಿದರೆ ಉಳಿಯುವುದು ರೈಲ್ವೆಗೆ. ಸರ್ವರಿನ ಖರ್ಚು ಬೀಳುವುದು ಐಆರ್‌ಸಿಟಿಸಿಗೆ. ಬುಕಿಂಗ್ ಫೀ ಹುಟ್ಟುವುದು ಇವರಿಬ್ಬರ ಮಧ್ಯದ ಆ ಸಂದಿಯಲ್ಲಿ.

ಇದು ಬರೀ ನಮ್ಮ ದೇಶದ ಕಥೆಯಲ್ಲ. ಅಮೆರಿಕದಲ್ಲಿ ಟಿಕೆಟ್‌ಮಾಸ್ಟರ್ ಅಂತ ಒಂದು ಕಂಪನಿ, 1976ರಲ್ಲಿ ಅರಿಜೋನಾದಲ್ಲಿ ಶುರುವಾದದ್ದು. 1982ರಲ್ಲಿ ಫ್ರೆಡ್ ರೋಸೆನ್ ಅನ್ನುವವರು ಅದರ ಮುಖ್ಯಸ್ಥರಾಗಿ ಬಂದು ಲೆಕ್ಕಾಚಾರವನ್ನೇ ತಿರುಗಿಸಿದರು. ಸಭಾಂಗಣದವರಿಂದ ದುಡ್ಡು ಕೇಳುವ ಬದಲು ಟಿಕೆಟ್ ಕೊಳ್ಳುವವರ ಮೇಲೆ ಶುಲ್ಕ ಹಾಕಿ, ಅದರಲ್ಲೇ ಒಂದು ಪಾಲು ಸಭಾಂಗಣದವರಿಗೆ ಕೊಡೋದು. ಮಾಲೀಕರು ಖುಷಿಯಾಗಿ ಒಪ್ಪಂದಕ್ಕೆ ಸಹಿ ಹಾಕಿದರು. ಬೈಗುಳ ಟಿಕೆಟ್ ಕಂಪನಿಗೆ, ಪಾಲು ಎಲ್ಲರಿಗೂ. 1994ರಲ್ಲಿ ಪರ್ಲ್ ಜ್ಯಾಮ್ ಎಂಬ ರಾಕ್ ತಂಡ ಈ ಶುಲ್ಕಗಳ ವಿರುದ್ಧ ಸರ್ಕಾರಕ್ಕೇ ದೂರು ಕೊಟ್ಟಿತು. ಮರುವರ್ಷ ತನಿಖೆ ಮುಚ್ಚಿಹೋಯ್ತು. ಜಗಳ ಮಾತ್ರ ನಿಂತಿಲ್ಲ. 2025ರ ಮೇನಲ್ಲಿ ಅಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಶೋ ಟಿಕೆಟ್ಟಿನ ಬೆಲೆ ತೋರಿಸುವಾಗ ಕಡ್ಡಾಯ ಶುಲ್ಕಗಳನ್ನೂ ಸೇರಿಸಿ ಮೊದಲೇ ಹೇಳಬೇಕು.

ವಿಮಾನದ್ದೂ ಹೀಗೇ. ಟ್ರಾವೆಲ್ ಏಜೆಂಟರಿಗೆ ಕಮಿಷನ್ ಕೊಡುತ್ತಿದ್ದವರು ವಿಮಾನ ಕಂಪನಿಗಳು. 2008ರಲ್ಲಿ ನಮ್ಮ ದೊಡ್ಡ ವಿಮಾನ ಕಂಪನಿಗಳು ಅದನ್ನು ನಿಲ್ಲಿಸಲು ಹೊರಟಾಗ ಏಜೆಂಟರು ಪ್ರಯಾಣಿಕರ ಕಡೆ ತಿರುಗಿ ಟ್ರಾನ್ಸಾಕ್ಷನ್ ಫೀ ಅಂತ ಶುರು ಮಾಡಿದರು. ಮಧ್ಯದಲ್ಲಿ ಕೂತವನಿಗೆ ಒಂದು ಕಡೆಯಿಂದ ಬರುವುದು ನಿಂತರೆ ಇನ್ನೊಂದು ಕಡೆಗೆ ಕೈ ಚಾಚುತ್ತಾನೆ, ಅಷ್ಟೆ.

ನಮ್ಮ ಬೆಂಗಳೂರಿನ ರೆಡ್‌ಬಸ್ ಕಥೆ ನಿಮಗೆಲ್ಲ ಗೊತ್ತೇ ಇರುತ್ತೆ. ಫಣೀಂದ್ರ ಸಾಮಾ ಅನ್ನುವ ಇಂಜಿನಿಯರ್ 2005ರ ದೀಪಾವಳಿಗೆ ಹೈದರಾಬಾದಿಗೆ ಹೋಗಲು ಬಸ್ ಟಿಕೆಟ್ ಸಿಗದೆ ರೂಮಿನಲ್ಲೇ ಉಳಿದರು. 2006ರಲ್ಲಿ ಸುಧಾಕರ್ ಪಸುಪುನೂರಿ, ಚರಣ್ ಪದ್ಮರಾಜು ಜೊತೆ ಸೇರಿ ರೆಡ್‌ಬಸ್ ಶುರು ಮಾಡಿದರು. 2013ರಲ್ಲಿ ಅದನ್ನು ಇಬಿಬೋ ಸಮೂಹ ಕೊಂಡುಕೊಂಡಿತು. ಅವರು ಆರಿಸಿಕೊಂಡದ್ದು ಬಸ್ ಮಾಲೀಕರಿಂದ ಕಮಿಷನ್ ಪಡೆಯುವ ದಾರಿ. ಅದಕ್ಕೆ ಕಾರಣವಿತ್ತು. ಕಲಾಸಿಪಾಳ್ಯ, ಮೆಜೆಸ್ಟಿಕ್ ಸುತ್ತಮುತ್ತಲ ಏಜೆಂಟರಿಗೆ ಮಾಲೀಕರು ಮೊದಲಿನಿಂದಲೂ ಕಮಿಷನ್ ಕೊಡುತ್ತಲೇ ಇದ್ದರು. ಹೊಸಬರು ಆ ಹಳೇ ಜಾಗದಲ್ಲಿ ಕೂತರು. ಪ್ರಯಾಣಿಕನಿಗೆ ಫೀ ಕಾಣಲಿಲ್ಲ, ಆದ್ದರಿಂದ ಫೀ ಇಲ್ಲ ಅನ್ನಿಸಿತು. ಕಮಿಷನ್ ಅನ್ನೋದು ಟಿಕೆಟ್ ದರದ ಹೊಟ್ಟೆಯೊಳಗಿನ ಬುಕಿಂಗ್ ಫೀ, ಇನ್ನೇನಲ್ಲ.

ಮೂರನೇ ದಾರಿ ಆಟೋದವರದ್ದು. 2022ರ ಅಕ್ಟೋಬರಿನಲ್ಲಿ ಎರಡು ಕಿಲೋಮೀಟರಿಗೂ ಕಡಿಮೆ ದೂರಕ್ಕೆ ಆಪ್‌ಗಳು ನೂರು ರೂಪಾಯಿ ಕೀಳುತ್ತಿವೆ ಅಂತ ಗಲಾಟೆಯಾಗಿ ಸಾರಿಗೆ ಇಲಾಖೆ ಆಪ್ ಆಟೋಗಳಿಗೆ ತಡೆ ಹಾಕಿತು. ವಿಷಯ ಹೈಕೋರ್ಟಿಗೆ ಹೋಯ್ತು. ನವೆಂಬರಿನಲ್ಲಿ ಸರ್ಕಾರ, ನಿಗದಿತ ದರದ ಮೇಲೆ 5% ಸೇವಾ ಶುಲ್ಕ ಮತ್ತು ಜಿಎಸ್‌ಟಿ ಮಾತ್ರ ಅಂತ ಆದೇಶ ಮಾಡಿತು. ಅದೇ ತಿಂಗಳು ಆಟೋ ಚಾಲಕರ ಯೂನಿಯನ್ ಜೊತೆ ಸೇರಿ ಜಸ್‌ಪೇ ಕಂಪನಿಯವರು 'ನಮ್ಮ ಯಾತ್ರಿ' ತಂದರು. ಕಮಿಷನ್ ಸೊನ್ನೆ! ಆದರೆ ಮ್ಯಾಪಿಗೆ, ಸರ್ವರಿಗೆ ದುಡ್ಡು ಬೇಕಲ್ಲ. 2023ರಲ್ಲಿ ಅವರೂ ಚಾಲಕರಿಗೆ ದಿನಕ್ಕೆ 25 ರೂ. ಚಂದಾ ಇಟ್ಟರು. ಕೆಲವು ಚಾಲಕರು ಗೊಣಗಿದರು, ಬಹಳ ಜನ ಒಪ್ಪಿಕೊಂಡರು. ಯಾಕಂದ್ರೆ ಈ ಲೆಕ್ಕ ಅವರಿಗೆ ಬೆಳಿಗ್ಗೆಯೇ ಗೊತ್ತು. ಎಷ್ಟು ಓಡಿಸಿದರೂ 25, ಮಿಕ್ಕದ್ದು ಅವರದ್ದು. ಆಮೇಲೆ ದೊಡ್ಡ ಆಪ್‌ಗಳೂ ಆಟೋ ವಿಷಯದಲ್ಲಿ ಇದೇ ದಾರಿಗೆ ಬಂದವು.

ಸರಿ, ಇಷ್ಟೆಲ್ಲ ಓದಿದ ಮೇಲೂ ಅಣ್ಣನ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಯಾಕಂದ್ರೆ ಅವನು ಹೇಳಿದ್ದು ನಿಜ. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ತಗೊಳ್ಳುವ ಹಾಗಿಲ್ಲ ಅಂತ ಕಾನೂನೇ ಆಗಿದೆ. ಡೊಮೈನು, ಸರ್ವರು ಎಲ್ಲಾ ಸೇರಿ ವರ್ಷಕ್ಕೆ ನನಗೆ ಆಗುತ್ತಿದ್ದದ್ದು ಸುಮಾರು ಸಾವಿರ ರೂಪಾಯಿ. 45 ಜನಕ್ಕೆ ಹಂಚಿದರೆ 22 ರೂ. ಚಿಲ್ಲರೆ. ಆದರೆ ಆ ಸಾವಿರವನ್ನು ಮೊದಲೆರಡು ವರ್ಷ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಫೀ ಹಾಕಿದ್ದು ಖರ್ಚಿಗಲ್ಲ, ಖಾಲಿ ಸೀಟಿನ ಭಯಕ್ಕೆ. ಖರ್ಚು ಅಂತ ಅಣ್ಣನಿಗೆ ಹೇಳಿದ್ದು ಸುಳ್ಳು.

ಇಲ್ಲಿ ನನಗೆ ಕಣ್ಣು ತೆರೆಸಿದ್ದು ಫ್ರಾನ್ಸಿನ ಬ್ಲಾಬ್ಲಾಕಾರ್. ಒಂದೂರಿನಿಂದ ಇನ್ನೊಂದೂರಿಗೆ ಕಾರಿನಲ್ಲಿ ಹೋಗುವವರು ಖಾಲಿ ಸೀಟನ್ನು ಹಂಚಿಕೊಳ್ಳುವ ಸೈಟು. ವರ್ಷಗಟ್ಟಲೆ ಪೂರ್ತಿ ಉಚಿತ. ಸದಸ್ಯರು ಫೋನು ಮಾಡಿಕೊಂಡು ಕೈಗೆ ದುಡ್ಡು ಕೊಡುತ್ತಿದ್ದರು. 2011ರ ಹೊತ್ತಿಗೆ ಅವರು ಆನ್‌ಲೈನ್ ಬುಕಿಂಗ್ ತಂದು ಮುಂಗಡ ಹಣ, ಮೇಲೊಂದು ಶುಲ್ಕ ಶುರು ಮಾಡಿದಾಗ ಹಳೇ ಸದಸ್ಯರಿಗೆ ಸಿಕ್ಕಾಪಟ್ಟೆ ಸಿಟ್ಟು ಬಂತು. ನಾವು ಗೆಳೆಯರಂತೆ ಕಟ್ಟಿದ್ದನ್ನು ನೀವು ವ್ಯಾಪಾರ ಮಾಡಿದಿರಿ ಅಂತ. ಕಂಪನಿ ಕೊಟ್ಟ ಮುಖ್ಯ ಕಾರಣ ಒಂದೇ: ಸೀಟು ಹಿಡಿದವರು ಕೊನೇ ಗಳಿಗೆಯಲ್ಲಿ ಕೈ ಕೊಡುವುದು. ಮುಂಗಡ ಶುರುವಾದ ಮೇಲೆ ಅದು ಬಹಳ ಕಡಿಮೆಯಾಯ್ತು. ಓದುತ್ತಾ ಇದ್ದರೆ ನನ್ನದೇ ಬಸ್ಸಿನ ಕಥೆ ಓದಿದ ಹಾಗಾಯ್ತು. ಆದರೆ ಅಲ್ಲಿ ಕೆಲಸ ಮಾಡಿದ್ದು ಮುಂಗಡ, ಶುಲ್ಕ ಅಲ್ಲ! ಎರಡೂ ಒಟ್ಟಿಗೆ ಬಂದದ್ದರಿಂದ ಒಂದೇ ಅನ್ನಿಸುತ್ತೆ.

ನನ್ನ 30 ರೂಪಾಯಿ ಏನು ಮಾಡಿತು ಅಂತ 2024ರ ಲೆಕ್ಕ ತೆಗೆದು ನೋಡಿದೆ. 45 ಜನ ಕೊಟ್ಟದ್ದು 1,350 ರೂ. ಆರು ಜನ ಆ ವರ್ಷವೂ ಬರಲಿಲ್ಲ, ಅಂದರೆ 5,400 ರೂ. ಖೋತಾ. ಬರದವನಿಗೆ ಮೂವತ್ತು ರೂಪಾಯಿ ಒಂದು ಕಾಫಿ ತಿಂಡಿ ಲೆಕ್ಕ, ಹೋದರೆ ಹೋಯ್ತು. ಬಂದವನು ಮಾತ್ರ ಬರದವನ ತಪ್ಪಿಗೆ ದಂಡ ಕಟ್ಟಿದ. ಪ್ರತಿ ವರ್ಷ ತಪ್ಪದೆ, ಹೇಳಿದ ಸಮಯಕ್ಕೆ ಹತ್ತು ನಿಮಿಷ ಮುಂಚೆ ಜಾಲಹಳ್ಳಿ ಕ್ರಾಸಿನಲ್ಲಿ ಬ್ಯಾಗು ಹಿಡಿದು ನಿಲ್ಲುವ ಅಣ್ಣನೂ ದಂಡ ಕಟ್ಟಿದ. ಅವನು ಕೇಳಿದ್ದು ಮೂವತ್ತು ರೂಪಾಯಿಯ ಲೆಕ್ಕವನ್ನಲ್ಲ, ನಾನೇನು ತಪ್ಪು ಮಾಡಿದೆ ಅಂತ.

2025ರ ದೀಪಾವಳಿಗೆ ಫೀ ತೆಗೆದುಬಿಟ್ಟೆ. ಅದರ ಬದಲು ಸೀಟು ಹಿಡಿಯುವಾಗ 300 ರೂ. ಮುಂಗಡ, ಬಸ್ಸು ಹತ್ತುವಾಗ 600 ಕೊಟ್ಟರೆ ಸಾಕು. ಎರಡು ದಿನ ಮೊದಲು ಹೇಳಿದರೆ 300 ವಾಪಸ್, ಹೇಳದೆ ಕೈ ಕೊಟ್ಟರೆ ಇಲ್ಲ. ಸರ್ವರಿನ ಸಾವಿರ ರೂಪಾಯಿಯನ್ನು ಬಸ್ ಬಾಡಿಗೆಯ ಲೆಕ್ಕದ ಕೆಳಗೆ ಬಿಡಿಸಿ ಬರೆದು ಎಲ್ಲರಿಗೂ ಕಳಿಸಿದೆ. ಇಷ್ಟ ಇದ್ದವರು ಕೊಡಿ ಅಂದೆ. ಇಬ್ಬರು ಮೊದಲೇ ತಿಳಿಸಿದರು, ಅವರ ಸೀಟು ಕಾಯುತ್ತಿದ್ದವರಿಗೆ ಹೋಯ್ತು. ಬಸ್ಸು ತುಂಬಿ ಹೊರಟಿತು.

ಫೀ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಪೀಣ್ಯದಲ್ಲಿ ದುಡಿಯುವವನೊಬ್ಬ ಅರ್ಧ ದಿನದ ಸಂಬಳ ಬಿಟ್ಟು ಕೌಂಟರಿನ ಮುಂದೆ ನಿಲ್ಲುವುದಕ್ಕಿಂತ ಐಆರ್‌ಸಿಟಿಸಿಗೆ ಹದಿನೈದು ರೂಪಾಯಿ ಕೊಡುವುದು ಎಷ್ಟೋ ಮೇಲು. ಸೈಟು ಪುಕ್ಕಟೆ ನಡೆಯುವುದಿಲ್ಲ ಅಂತ ನಮ್ಮಂಥ ಕೋಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕಾರಣ ಸರಿಯಾಗಿ ಹೇಳಬೇಕು. ಖರ್ಚಿಗಾ, ಲಾಭಕ್ಕಾ, ಕೈ ಕೊಡುವವರನ್ನು ತಡೆಯೋಕಾ? ಹಾಗೇ ಮೊದಲ ಪುಟದಲ್ಲೇ ಹೇಳಬೇಕು. ಕೊನೇ ಪುಟದಲ್ಲಿ ತೊಟ್ಟಿಕ್ಕಿಸುವ ಬೆಲೆಯನ್ನು 2023ರ ನವೆಂಬರಿನಲ್ಲಿ ನಮ್ಮ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಮೋಸದ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ. ನನ್ನ 30 ರೂ. ಕೂಡ ಕೊನೇ ಪುಟದಲ್ಲೇ ಇತ್ತು ಅನ್ನೋದನ್ನು ಇಲ್ಲಿ ಒಪ್ಪಿಕೊಂಡುಬಿಡ್ತೀನಿ.

ಅಂದ ಹಾಗೆ, ಈ ಸಲ ಬಸ್ಸು ಹತ್ತುವಾಗ ಅಣ್ಣನ ಕೈಗೆ ಹಿಂದಿನ ವರ್ಷದ ಮೂವತ್ತು ರೂಪಾಯಿ ವಾಪಸ್ ಕೊಡೋಕೆ ಹೋದೆ. ತಗೊಳ್ಳಲಿಲ್ಲ. ತಿಪಟೂರಿನಲ್ಲಿ ಬಸ್ಸು ನಿಲ್ಲಿಸಿದಾಗ ಅದೇ ದುಡ್ಡಿಗೆ ಇಬ್ಬರಿಗೂ ಕಾಫಿ ಕುಡಿಸು ಅಂದ. ಸಾಲಲಿಲ್ಲ, ಮೇಲೆ ಹತ್ತು ರೂಪಾಯಿ ಅವನೇ ಹಾಕಿದ :-)

ನೀವೂ ಯಾರಾದರೂ ಹೀಗೆ ಗೆಳೆಯರಿಗೆ ಅಂತ ಏನಾದರೂ ನಡೆಸಿ, ದುಡ್ಡು ಕೇಳಬೇಕಾದ ದಿನ ಒದ್ದಾಡಿದ್ದರೆ, ನಿಮ್ಮ ಲೆಕ್ಕ ಹೇಗಿತ್ತು ಅಂತ ಬರೀರಿ. ಮುಂದಿನ ದೀಪಾವಳಿಗೆ ಎರಡು ಬಸ್ಸು ಬೇಕಾಗಬಹುದು ಅಂತಿದಾರೆ. ಭಯ ಶುರುವಾಗಿದೆ.